ಒಂದೂರಲ್ಲಿ ಇಳಿದು, ಇನ್ನೊಂದೂರಲ್ಲಿ ಹತ್ತಿ

ಕಾರಿನಲ್ಲಿ ಬಂದವರ ನಡಿಗೆ ಕಾರು ನಿಲ್ಲಿಸಿದ ಜಾಗಕ್ಕೇ ಬಂದು ಮುಗಿಯಬೇಕು. ಎಷ್ಟು ದೂರ ಹೋದರೂ ನಡುದಾರಿಯಲ್ಲಿ ತಿರುಗಿ, ಆಗಲೇ ನೋಡಿದ್ದನ್ನು ಮತ್ತೆ ನೋಡುತ್ತ ಹಿಂದಿರುಗುವುದು ಅವರಿಗೆ ತಪ್ಪದು. ಬಸ್ಸಿನಲ್ಲಿ ಬಂದವರಿಗೆ ಆ ಕಟ್ಟಿಲ್ಲ. ಒಂದೂರಿನ ಕ್ರಾಸಿನಲ್ಲಿ ಇಳಿದು, ಬಂಡಿದಾರಿ, ಹಳ್ಳ, ಕಾಲುವೆ ಏರಿ ಹಿಡಿದು ನಡೆದು, ಇನ್ನೊಂದೂರಿನ ಕಟ್ಟೆಯ ಮುಂದೆ ಬೇರೆ ಬಸ್ಸು ಹತ್ತಿ ಮನೆ ಸೇರಬಹುದು. ಹಳ್ಳಿಗಾಡನ್ನು ಕಾಲ್ನಡಿಗೆಯಲ್ಲಿ ನೋಡಬೇಕೆನ್ನುವವರಿಗೆ ಸರ್ಕಾರಿ ಬಸ್ಸಿಗಿಂತ ಒಳ್ಳೆಯ ಸಂಗಾತಿ ಇಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ರಾಯಚೂರು, ದೇವದುರ್ಗ, ಮಾನ್ವಿ ಈ ಮೂರು ನಿಲ್ದಾಣಗಳ ನಡುವಿನ ನಾಡಿನಲ್ಲಿ ಇಂಥ ದಾರಿಗಳು ಇವೆ, ಬಸ್ಸುಗಳೂ ಓಡಾಡುತ್ತಿವೆ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆದಿಡುವ ಕೆಲಸ ಬಾಕಿ ಇದೆ. ಅದು ಬೇಗ ಆಗಬೇಕು. ತಡಮಾಡಿದಷ್ಟೂ ದಾರಿಗಳು ಕಡಿಮೆಯಾಗುತ್ತ ಹೋಗುತ್ತವೆ.

ಕರ್ನಾಟಕದಲ್ಲಿ ಚಾರಣ ಎಂದರೆ ಮಲೆನಾಡು. ಕುದುರೆಮುಖ, ಕುಮಾರಪರ್ವತ, ಕೊಡಚಾದ್ರಿ. ರಾಯಚೂರಿನ ಹೆಸರು ಹೇಳಿದರೆ ಬಿಸಿಲು, ಶಕ್ತಿನಗರದ ವಿದ್ಯುತ್ ಸ್ಥಾವರ, ಹಿಂದುಳಿದ ಜಿಲ್ಲೆ ಎನ್ನುವ ಹಣೆಪಟ್ಟಿ ನೆನಪಾಗುತ್ತವೆ. 2018ರಲ್ಲಿ ನೀತಿ ಆಯೋಗ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿ ಮಾಡಿದಾಗ ರಾಜ್ಯದಿಂದ ಅದರಲ್ಲಿ ಸೇರಿದ್ದು ರಾಯಚೂರು, ಯಾದಗಿರಿ ಎರಡೇ. ಹೀಗೆ ಅಂಕಿಗಳಲ್ಲಿ ಮಾತ್ರ ಪರಿಚಯವಿರುವ ನಾಡನ್ನು ನೋಡಲು ಯಾರೂ ಬರುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದವರಿಗೂ ನೋಡುವಂಥದ್ದು ಏನಾದರೂ ಇದೆ ಅನ್ನಿಸುವುದಿಲ್ಲ. ಇದನ್ನು ನಾನು ಒಪ್ಪುವುದಿಲ್ಲ. ಬಡಗಣದಲ್ಲಿ ಕೃಷ್ಣೆ, ತೆಂಕಣದಲ್ಲಿ ತುಂಗಭದ್ರೆ, ನಡುವೆ ಎರೆ ಭೂಮಿ, ಮಸಾರಿ ಭೂಮಿ, ಅಲ್ಲಲ್ಲಿ ಬಂಡೆಗುಡ್ಡ. ಶಾಸನಗಳು ಎಡೆದೊರೆ ನಾಡು ಎಂದು ಕರೆದದ್ದು ಈ ನೆಲವನ್ನೇ. ಮಳೆಗಾಲ ಕಳೆದು ಹತ್ತಿ ಬಿರಿಯುವಾಗ, ತೊಗರಿ ಹಳದಿ ಹೂವಾಗಿ ನಿಂತಾಗ, ಹಿಂಗಾರಿ ಜೋಳ ತೆನೆಗಟ್ಟುವಾಗ ಇಲ್ಲಿಯ ಬಯಲಿನಲ್ಲಿ ಹತ್ತು ಕಿಲೋಮೀಟರ್ ದೂರದ ಗುಡ್ಡ ಕೂಡ ಕಣ್ಣಿಗೆ ಹತ್ತಿರ ಬರುತ್ತದೆ. ನಡೆಯುವವರಿಗೆ ಇಷ್ಟು ಬಿಚ್ಚಿಟ್ಟ ಆಕಾಶ ಮಲೆನಾಡಿನಲ್ಲಿ ಸಿಗುವುದಿಲ್ಲ.

ಮೊದಲ ದಾರಿಗೆ ಊರು ಬಿಟ್ಟು ಹೋಗುವ ಅಗತ್ಯವೂ ಇಲ್ಲ. ರಾಯಚೂರಿನ ಕೇಂದ್ರ ಬಸ್ ನಿಲ್ದಾಣದಿಂದ ಕೋಟೆಯ ಗೋಡೆ ಕಾಲ್ನಡಿಗೆಯ ದೂರದಲ್ಲೇ ಇದೆ. ಒಳಕೋಟೆಯ ಪಡುವಣ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲು ಕೂತಿದೆ. ಅದರ ಮೇಲೆ 1294ರ ತೆಲುಗು ಶಾಸನ. ಕಾಕತೀಯರ ಕಡೆಯ ಗೋರೆ ಗಂಗಯ್ಯ ರೆಡ್ಡಿಯ ಅಧಿಕಾರದಲ್ಲಿ ವಿಠ್ಠಲನಾಥ ಈ ಕೋಟೆ ಕಟ್ಟಿಸಿದನೆಂದು ಅದು ತಿಳಿಸುತ್ತದೆ. ಶಾಸನಕ್ಕಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಅಲ್ಲೇ ಗೋಡೆಯ ಮೇಲೆ ಗೀರಿದ ಚಿತ್ರ. ಅದೇ ಕಲ್ಲನ್ನು ಗಾಲಿಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಉದ್ದಕ್ಕೂ ಕೋಣಗಳ ಸಾಲು, ಹಿಂದೆ ಗಾಲಿಗೆ ಮರದ ಸನ್ನೆ ಕೊಟ್ಟು ನೂಕುತ್ತಿರುವ ಆಳುಗಳು. ಕೋಟೆ ಕಟ್ಟಿಸಿದವರ ಹೆಸರು ಎಲ್ಲ ಕೋಟೆಗಳಲ್ಲೂ ಸಿಗುತ್ತದೆ. ಕಲ್ಲು ಬಂದ ಬಗೆಯನ್ನು, ಅದನ್ನು ಎಳೆದವರನ್ನು ಗೋಡೆಯ ಮೇಲೆ ಬರೆದಿಟ್ಟದ್ದು ಅಪರೂಪ. ಈ ನಾಡಿನ ದಾರಿಗಳ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಡ.

ಅಲ್ಲಿಂದ 1513ರ ಸುಮಾರಿಗೆ ಬಹಮನಿ ಸುಲ್ತಾನರ ಕಾಲದಲ್ಲಿ ಕಟ್ಟಿದ ಏಕ್ ಮಿನಾರ್ ಮಸೀದಿ, ಬೆಟ್ಟದ ಮೇಲಿನ ಕೋಟೆ, ಬೆಟ್ಟದ ಬುಡದ ಮಾವಿನಕೆರೆ ನೋಡಿಕೊಂಡು ನಗರದ ದಕ್ಷಿಣಕ್ಕೆ ಮಲಿಯಾಬಾದಿನ ಹಾಳುಕೋಟೆಯ ಕಡೆಗೆ ಹೊರಟರೆ ಅರ್ಧ ದಿನದ ನಡಿಗೆ. ಮಲಿಯಾಬಾದಿನಲ್ಲಿ ಪಾಳುಬಿದ್ದ ಗುಡಿ ಇದೆ, ನಿಜ ಆನೆಯಷ್ಟೇ ದೊಡ್ಡ ಎರಡು ಕಲ್ಲಾನೆಗಳಿವೆ. 1520ರಲ್ಲಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್‌ಶಾಹನಿಗೂ ನಡೆದ ರಾಯಚೂರು ಯುದ್ಧವನ್ನು ಶಾಲೆಯಲ್ಲಿ ಓದುವ ಮಕ್ಕಳು ಈ ದಾರಿ ನಡೆದರೆ, ಎರಡು ನದಿಗಳ ನಡುವಿನ ಈ ಕೋಟೆಗಾಗಿ ಅಷ್ಟು ಹೊತ್ತು ಅಷ್ಟು ಜನ ಯಾಕೆ ಬಡಿದಾಡಿದರು ಎಂಬುದು ಬಯಲು ನೋಡಿದ ಕೂಡಲೇ ತಿಳಿಯುತ್ತದೆ.

ಆದರೆ ಈ ಸೀಮೆಯ ಅತಿ ಶ್ರೀಮಂತ ದಾರಿ ಯಾವುದೆಂದು ಕೇಳಿದರೆ ನಾನು ತೋರಿಸುವುದು ದಾಸರ ದಾರಿಯನ್ನು. ತುಂಗಭದ್ರೆಯ ದಂಡೆಯ ಚೀಕಲಪರ್ವಿ ವಿಜಯದಾಸರ ಊರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲು ಗೋಪಾಲದಾಸರದು. ಜಗನ್ನಾಥದಾಸರು ಹುಟ್ಟಿದ್ದು ಬ್ಯಾಗವಾಟದಲ್ಲಿ, ನೆಲೆಸಿದ್ದು ಮಾನ್ವಿಯಲ್ಲಿ. ಹರಿಕಥಾಮೃತಸಾರ ಬರೆದವರು ಅವರೇ. ವಿಜಯದಾಸರು 1682ರಲ್ಲಿ ಹುಟ್ಟಿ 1755ರಲ್ಲಿ ತೀರಿಕೊಂಡರು, ಜಗನ್ನಾಥದಾಸರು ತೀರಿಕೊಂಡದ್ದು 1809ರಲ್ಲಿ. ನೂರು ಚಿಲ್ಲರೆ ವರ್ಷಗಳಲ್ಲಿ, ಎರಡು ತಾಲ್ಲೂಕುಗಳ ಅಂಚಿನೊಳಗೆ, ಗುರು, ಶಿಷ್ಯ, ಪ್ರಶಿಷ್ಯ ಮೂವರೂ ಆಗಿಹೋದರು. ಊಟಕ್ಕೆ ಕರೆದ ವಿಜಯದಾಸರನ್ನು ಕಡೆಗಣಿಸಿ ಜಗನ್ನಾಥದಾಸರು ಹೊಟ್ಟೆನೋವಿಗೆ ಬಿದ್ದದ್ದು, ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷ ಧಾರೆಯೆರೆದು ಉಳಿಸಿದ್ದು ಇಲ್ಲಿ ಮನೆಮನೆಯಲ್ಲಿ ಹೇಳುವ ಕಥೆ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆ ಕಥೆ ನಡೆಯುವುದೇ ಊರಿಂದ ಊರಿಗೆ ಹೋಗುವ ಜನರಿಂದ ಎನ್ನುವುದನ್ನು ಮಾತ್ರ ಗಮನಿಸಬೇಕು. ಕಾಲಿಗೆ ಗೆಜ್ಜೆ, ಕೈಯಲ್ಲಿ ತಂಬೂರಿ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗುವುದು ದಾಸರ ವ್ರತದ ಭಾಗವಾಗಿತ್ತು. ಅವರ ಹಾಡುಗಳು ಹಬ್ಬಿದ್ದು ಅದೇ ಕಾಲುಹಾದಿಯಲ್ಲಿ.

ಇಂದು ಆರಾಧನೆಗೆ ಬರುವವರು ಈ ಒಂದೊಂದು ಊರಿಗೂ ಬೇರೆಬೇರೆಯಾಗಿ ಗಾಡಿ ಮಾಡಿಕೊಂಡು ಬಂದು, ದರ್ಶನ ಮುಗಿಸಿ, ಹೆದ್ದಾರಿಗೆ ವಾಪಸಾಗುತ್ತಾರೆ. ಊರುಗಳ ನಡುವಿನ ನೆಲ ಅವರ ಯಾತ್ರೆಯಲ್ಲಿ ಸೇರುವುದೇ ಇಲ್ಲ. ಮಾನ್ವಿಗೆ ಬಸ್ಸಿನಲ್ಲಿ ಬಂದು, ಚೀಕಲಪರ್ವಿ ಕಡೆಯ ಹಳ್ಳಿ ಬಸ್ಸು ಹಿಡಿದು, ಹೊಳೆದಂಡೆಗೆ ಎರಡು ಊರು ಈಚೆಗೇ ಇಳಿದು ನಡೆದು ನೋಡಿ. ಭತ್ತದ ಗದ್ದೆ, ವಲಸೆ ಬಂದ ರೈತರ ಕ್ಯಾಂಪುಗಳ ತೆಲುಗು ಮಾತು, ಕಾಲುವೆ ಏರಿಯ ಮೇಲಿನ ಜಾಲಿ, ಕೊನೆಗೆ ಬಂಡೆಗಳ ನಡುವೆ ಹರಡಿಕೊಂಡ ತುಂಗಭದ್ರೆ. ಹೊಳೆ ಕಂಡ ಮೇಲೆ ಗುಡಿಗೆ ಹೋಗುವುದಕ್ಕೂ, ಗುಡಿಯ ಬಾಗಿಲಲ್ಲೇ ಗಾಡಿಯಿಂದ ಇಳಿಯುವುದಕ್ಕೂ ಅಂತರವಿದೆ.

ಈ ನಡಿಗೆಯಲ್ಲಿ ಭಕ್ತಿಯ ಜೊತೆಗೆ ಇನ್ನೊಂದು ಪಾಠವೂ ಸಿಗುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದದ್ದು. 1953ರಿಂದ ನೀರು ಹರಿಸುತ್ತಿರುವ ಈ ಯೋಜನೆ ಮುಖ್ಯವಾಗಿ ಅರೆನೀರಾವರಿ ಬೆಳೆಗಳನ್ನು ಲೆಕ್ಕದಲ್ಲಿಟ್ಟುಕೊಂಡದ್ದು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಭಾಗದ ರೈತರು ನೀರಿಗಾಗಿ ವರ್ಷವರ್ಷವೂ ಧರಣಿ ಕೂರುವಂತಾಯಿತು. ಪತ್ರಿಕೆಯಲ್ಲಿ ಇದನ್ನು ಎಷ್ಟೋ ಸಲ ಓದಿದ್ದೇವೆ. ಉಪಕಾಲುವೆಯ ಗುಂಟ ನಡೆದಾಗ ನೀರು ತುಂಬಿದ ಗದ್ದೆ ಮುಗಿದು, ಬಿರುಕುಬಿಟ್ಟ ತಳದ ಒಣಗಾಲುವೆ ಶುರುವಾಗುವ ಜಾಗವನ್ನು ಕಣ್ಣಾರೆ ಕಾಣುತ್ತೇವೆ. ಮಾನ್ವಿ ತಾಲ್ಲೂಕಿನ ರಾಜೋಳಿಬಂಡದ ಒಡ್ಡಿನಿಂದ ಹೊರಡುವ ಕಾಲುವೆಯ ನೀರಿನ ಬಹುಪಾಲು ಹೋಗುವುದು ತೆಲಂಗಾಣದ ಹೊಲಗಳಿಗೆ. ನೀರಿನ ನ್ಯಾಯದ ಬಗ್ಗೆ ಅಭಿಪ್ರಾಯ ಹೇಳುವ ಪ್ರತಿಯೊಬ್ಬರೂ ಒಂದು ದಿನವಾದರೂ ಈ ಏರಿಗಳ ಮೇಲೆ ನಡೆಯಬೇಕು ಎಂದು ನನಗೆ ಮನಸಾರೆ ಅನ್ನಿಸುತ್ತದೆ.

ದೇವದುರ್ಗದ ಕಡೆಯ ದಾರಿಗಳ ಬಗೆ ಬೇರೆ. ರಾಯಚೂರಿನಿಂದ ಆ ರಸ್ತೆಯಲ್ಲಿ ಹೋಗುವಾಗ ನಡುವೆ ಗಬ್ಬೂರು ಸಿಗುತ್ತದೆ. ಚಾಲುಕ್ಯರ ಕಾಲದ ಗುಡಿಗಳು, ಶಾಸನಗಳು ಊರ ತುಂಬ. ಇನ್ನೂ ಮುಂದೆ ಕೃಷ್ಣೆಯ ದಂಡೆಯಲ್ಲಿ ಅಶ್ವತ್ಥದ ಬುಡದ ನರಸಿಂಹನ ಕೊಪ್ಪರ, ಅಲ್ಲಮಪ್ರಭುವಿನ ಗುಡಿ ಇರುವ ಗೂಗಲ್. ದೇವದುರ್ಗ ತಾಲ್ಲೂಕಿನಲ್ಲಿ ಊರಿನಷ್ಟೇ ದೊಡ್ಡಿ, ತಾಂಡಾಗಳ ಬಾಳೂ ಮುಖ್ಯ. ಹೊಲದ ನಡುವೆ ನಾಲ್ಕಾರು ಮನೆ ಕಟ್ಟಿಕೊಂಡ ದೊಡ್ಡಿಗಳಿಗೆ ಬಸ್ಸು ಹೋಗುವುದಿಲ್ಲ. ಅಲ್ಲಿಯ ಮಕ್ಕಳು ಶಾಲೆಗೆ, ಹೆಂಗಸರು ರೇಷನ್ ಅಂಗಡಿಗೆ, ಮುದುಕರು ದವಾಖಾನೆಗೆ ನಡೆದೇ ಬರಬೇಕು.

ಇಲ್ಲೇ ನನ್ನ ವಾದಕ್ಕೆ ಗಟ್ಟಿಯಾದ ಆಕ್ಷೇಪ ಎದುರಾಗುತ್ತದೆ. ಗಾಡಿ ಇಲ್ಲದೆ ದಿನವೂ ನಡೆಯುವ ಜನರ ನಡುವೆ, ಸಂತೋಷಕ್ಕೆಂದು ಪೇಟೆಯಿಂದ ಬಂದು ನಡೆಯುವುದು ಸರಿಯೇ? ಬಿಸಿಲಲ್ಲಿ ಕೂಲಿಗೆ ಹೋಗುವವರ ಪಕ್ಕದಲ್ಲಿ ಟೋಪಿ ಹಾಕಿಕೊಂಡು ಫೋಟೊ ತೆಗೆಯುತ್ತ ಹೋಗುವುದರಲ್ಲಿ ಒಂದು ಒರಟುತನ ಇಲ್ಲವೇ? ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ನನಗೆ ಸಿಕ್ಕ ಉತ್ತರ ದೇವದುರ್ಗದ ಕಡೆಯ ಒಂದು ಹಳ್ಳಿಯ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದ ಅಜ್ಜನೊಬ್ಬರದು. ಒಗ್ಗರಣಿ, ಮಿರ್ಚಿ ತಿಂದು ಎದ್ದ ನಮ್ಮನ್ನು ಅವರು ತಡೆದು ಕೇಳಿದರು.

“ಎಲ್ಲಿಗಿ ಹೊಂಟೀರಿ?”

“ಹೊಳಿ ಕಡಿ ಅಜ್ಜಾರ, ನಡ್ಕೋಂತ.”

“ಯಾಕ್ರಿ, ಬಸ್ಸು ತಪ್ಪೇತೇನು?”

“ಇಲ್ರಿ, ನೋಡ್ಕೋಂತ ಹೋಗೋಣಂತ.”

ಅವರು ನಗಲಿಲ್ಲ, ಬೈಯಲೂ ಇಲ್ಲ. ಎದ್ದು ಬಂದು ಕೈ ಮಾಡಿ ತೋರಿಸಿದರು. “ಹಂಗಾದ್ರ ಡಾಂಬರ್ ರೋಡ್ ಹಿಡೀಬ್ಯಾಡ್ರಿ. ಆ ಬೇವಿನ ಗಿಡದ ಬಾಜೂಕ ಬಂಡಿದಾರಿ ಅದ. ಹಳ್ಳ ದಾಟಿದ ಮ್ಯಾಲ ಎಡಕ್ಕ ಹೊಳ್ರಿ. ಮುಂದ ದಾರಿ ಹರಗಿ ಹೊಲಕ್ಕ ಸೇರಿಸ್ಕೊಂಡಾರ, ಅಷ್ಟು ದೂರ ಬದುವಿನ ಮ್ಯಾಲ ಹೋಗ್ರಿ. ನಾವೂ ಹಂಗೇ ಹೋಗೂದು.”

ಕೊನೆಯ ಆ ಮಾತಿನಲ್ಲಿ ಇಡೀ ಸಮಸ್ಯೆ ಇದೆ. ಬಂಡಿಗಳು ಕಡಿಮೆಯಾಗಿ ಟ್ರ್ಯಾಕ್ಟರುಗಳು ಬಂದ ಮೇಲೆ ಹಳೆಯ ಬಂಡಿದಾರಿಗಳನ್ನು ಎರಡೂ ಬದಿಯ ಹೊಲದವರು ವರ್ಷಕ್ಕೆ ಒಂದೊಂದು ಸಾಲು ಉತ್ತು ಒಳಗೆ ಹಾಕಿಕೊಳ್ಳುತ್ತ ಬಂದರು. ಹಿಂದಿನ ಹೊಲದವರಿಗೆ ದಾರಿ ಇಲ್ಲದಾಗಿ ಜಗಳ ಹುಟ್ಟಿತು, ತಹಶೀಲ್ದಾರರ ಕಚೇರಿಗೆ ಅರ್ಜಿ ಹೋಯಿತು, ಕೋರ್ಟಿಗೂ ಹೋಯಿತು. ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ ಬಳಸಿದ ದಾರಿಯ ಮೇಲೆ ಹಿಂದಿನ ಹೊಲದವರಿಗೆ ಹಕ್ಕು ಹುಟ್ಟುತ್ತದೆ ಎಂದು 1882ರ ಅನುಭೋಗದ ಹಕ್ಕಿನ ಕಾಯ್ದೆ ಹೇಳುತ್ತದೆ. ಕಂದಾಯ ಇಲಾಖೆಯ ಗ್ರಾಮ ನಕಾಶೆಗಳಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕಿಗೆರೆಗಳಲ್ಲಿ ತೋರಿಸಿದ್ದಾರೆ. ‘ನಕಾಶೆ ಕಂಡ ದಾರಿ’ ಎಂದರೆ ಹಳ್ಳಿಯಲ್ಲಿ ಯಾರಿಗಾದರೂ ಅರ್ಥವಾಗುತ್ತದೆ. ಈ ನಕಾಶೆಗಳು ಈಗ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ. ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ಕಾಗದದ ಮೇಲೆ ಇರುವ ದಾರಿಯನ್ನು ನೆಲದ ಮೇಲೆ ಉಳಿಸುವುದು ನಡೆಯುವವರ ಕಾಲು. ಕೂಲಿಗೆ ಹೋಗುವವರು ಮಾತ್ರ ಆ ದಾರಿ ತುಳಿದರೆ ಅದನ್ನು ಮುಚ್ಚುವುದು ಸುಲಭ. ಶಾಲೆಯ ಮಕ್ಕಳು, ಯಾತ್ರಿಕರು, ಪೇಟೆಯ ಜನ ಎಲ್ಲರೂ ತುಳಿದರೆ ಮುಚ್ಚುವುದು ಕಷ್ಟ. ಆದ್ದರಿಂದ ಸಂತೋಷಕ್ಕೆ ನಡೆಯುವವರು, ಅನಿವಾರ್ಯಕ್ಕೆ ನಡೆಯುವವರ ಪಕ್ಷದಲ್ಲೇ ನಿಂತಂತಾಗುತ್ತದೆ.

ಇಂಗ್ಲೆಂಡಿನಲ್ಲಿ ಆದದ್ದೂ ಇಂಥದ್ದೇ. 1932ರ ಏಪ್ರಿಲಿನಲ್ಲಿ ಮ್ಯಾಂಚೆಸ್ಟರಿನ ಸುತ್ತಲಿನ ಕಾರ್ಖಾನೆಗಳ ಕೆಲಸಗಾರರು, ಜಮೀನ್ದಾರರು ಬೇಟೆಗೆಂದು ಮುಚ್ಚಿಟ್ಟಿದ್ದ ಕಿಂಡರ್ ಸ್ಕೌಟ್ ಎಂಬ ಗುಡ್ಡವನ್ನು ಗುಂಪಾಗಿ ಹತ್ತಿದರು. ಕೆಲವರು ಜೈಲಿಗೂ ಹೋದರು. ಮುಂದೆ 1949ರ ಕಾಯ್ದೆ, ಪ್ರತಿ ಪ್ರಾಂತದ ಸ್ಥಳೀಯ ಆಡಳಿತವೂ ತನ್ನ ಕಾಲುದಾರಿಗಳ ಅಧಿಕೃತ ನಕಾಶೆ ಮಾಡಬೇಕೆಂದು ಕಟ್ಟುಮಾಡಿತು. ಇತ್ತ ಅದೇ 1932ರ ಜೂನಿನಲ್ಲಿ, ರಾಯಚೂರು ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ರೈಲ್ವೆ ಇಲಾಖೆ 27 ಬಸ್ಸುಗಳೊಂದಿಗೆ ಸರ್ಕಾರಿ ಬಸ್ ಸೇವೆ ಆರಂಭಿಸಿತು. ದೇಶದಲ್ಲೇ ಮೊದಲು ಸರ್ಕಾರ ತಾನೇ ಬಸ್ ಓಡಿಸಿದ್ದು ಅದು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 2000ದಲ್ಲಿ ಈಶಾನ್ಯ ಸಾರಿಗೆ ಸಂಸ್ಥೆಯಾಗಿ, 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆ ನಿಗಮವೆಂದು ಹೆಸರು ಬದಲಾಗಿ ಇಂದಿಗೂ ಆ ಸೇವೆ ನಡೆದಿದೆ. ದಾರಿಯ ಹಕ್ಕನ್ನು ಅವರು ಹೋರಾಡಿ ಪಡೆದರು. ಊರೂರಿಗೆ ಬಸ್ಸು ನಮಗೆ ಅಜ್ಜನ ಕಾಲದಿಂದ ಬಂದಿದೆ. ಅದನ್ನು ಪೇಟೆಗೆ ಹೋಗಿಬರಲು ಮಾತ್ರ ಬಳಸುತ್ತಿದ್ದೇವೆ.

ಬಸ್ಸಿನ ವೇಳೆಯನ್ನು ಸ್ವಲ್ಪ ನೋಡಿ. ಹಳ್ಳಿ ಬಸ್ಸಿನ ಲೆಕ್ಕವೆಲ್ಲ ಹಳ್ಳಿಯವರು ಬೆಳಿಗ್ಗೆ ಪೇಟೆಗೆ ಬಂದು ಸಂಜೆ ಮರಳುವುದರ ಮೇಲೆ ನಿಂತಿದೆ. ವಸ್ತಿ ಬಸ್ಸು ರಾತ್ರಿ ಊರಲ್ಲೇ ನಿಂತು ಬೆಳಗಿನ ಜಾವ ಹೊರಡುತ್ತದೆ. ಕಾಲೇಜು ಹುಡುಗರನ್ನು ತರಲು ಡಿಪೊದಿಂದ ಹಳ್ಳಿ ಕಡೆ ಹೋಗುವ ಬಸ್ಸಿನಲ್ಲಿ ಸೀಟು ಖಾಲಿ ಇರುತ್ತದೆ. ಸಂಜೆ ಅವರನ್ನು ಬಿಟ್ಟು ಬರುವಾಗಲೂ ಹಾಗೇ. ನಡೆಯುವವರಿಗೆ ಬೇಕಾದದ್ದು ಸರಿಯಾಗಿ ಈ ಖಾಲಿ ದಿಕ್ಕಿನ ಬಸ್ಸು. ಹೊಸ ಬಸ್ಸು ಬೇಡ, ಹೊಸ ಮಾರ್ಗ ಬೇಡ. ಯಾವ ಊರಿನಿಂದ ಸಂಜೆಯ ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದು ಗೊತ್ತಾದರೆ ಸಾಕು. ಅದು ಊರಿನವರಿಗೆ ‘ಐದರ ಗಾಡಿ’ ಎಂದು ಬಾಯಿಪಾಠ. ಹೊರಗಿನವರಿಗೆ ತಿಳಿಯುವ ಹಾಗೆ ಊರಿನ ತಂಗುದಾಣದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಬೇಕು. ಬರೆಸಿದರೆ ದೊಡ್ಡಿಯಿಂದ ನಡೆದು ಬಂದು ಬಸ್ಸಿಗೆ ಕಾಯುವ ತಾಯಂದಿರಿಗೂ ಅದು ಉಪಕಾರ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಗುಡಿಗಳಿಗೆ, ತವರಿಗೆ ಹೋಗುವವರಿಂದ ಬಸ್ಸು ತುಂಬಿತು ಎಂದು ಆಡಿಕೊಂಡವರೂ ಇದ್ದಾರೆ. ನನಗೆ ಅದು ಹೆಮ್ಮೆಯ ಸಂಗತಿ. ಮಾನ್ವಿಯ ನಾಲ್ಕು ಜನ ಗೆಳತಿಯರು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಯಲ್ಲಮ್ಮನ ನೀರಮಾನ್ವಿಯಲ್ಲಿ ಇಳಿದು, ಹೊಲಗಳ ನಡುವೆ ನಡೆದು, ಬೇರೆ ಊರಿನಲ್ಲಿ ಬಸ್ಸು ಹತ್ತಿ ಸಂಜೆಗೆ ಮನೆಗೆ ಬಂದರೆ ಖರ್ಚು ಚಹಾದ್ದು ಮಾತ್ರ. ಒಂಟಿ ಹೆಣ್ಣುಮಗಳು ಬಯಲಿನಲ್ಲಿ ನಡೆಯುವಾಗ ಎದುರಾಗುವ ನೋಟ, ಪ್ರಶ್ನೆ, ಭಯ ನನಗೆ ತಿಳಿಯದ್ದಲ್ಲ. ಗುಂಪಾಗಿ, ಮತ್ತೆ ಮತ್ತೆ, ಗುರುತಿಸಿದ ದಾರಿಯಲ್ಲಿ ಹೆಂಗಸರು ನಡೆದಾಗಲೇ ಆ ನೋಟ ಬದಲಾಗುವುದು. ಶ್ರೀಶೈಲದ ಪಾದಯಾತ್ರೆಗೆ, ಮಂತ್ರಾಲಯಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಹೆಂಗಸರನ್ನು ನಮ್ಮ ಊರುಗಳು ಮಜ್ಜಿಗೆ ಕೊಟ್ಟು ಉಪಚರಿಸುತ್ತವೆ. ಆ ಗೌರವವನ್ನು ಉಳಿದ ದಿನಗಳಿಗೂ ಹಿಗ್ಗಿಸಬೇಕಷ್ಟೆ.

ಎಚ್ಚರಿಕೆಯ ಮಾತುಗಳೂ ಇವೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಮಾರ್ಚಿನಿಂದ ಮಳೆ ಬೀಳುವ ತನಕ ಯಾರನ್ನೂ ಈ ದಾರಿಗಳಿಗೆ ಕಳಿಸಬಾರದು. ಮಳೆಯಾದ ಮಾರನೆಯ ದಿನ ಎರೆ ಹೊಲಕ್ಕೆ ಕಾಲಿಟ್ಟರೆ ಹೆಜ್ಜೆ ಕೀಳಲಾಗದು. ಕೃಷ್ಣೆಯಲ್ಲಿ ಮೊಸಳೆಗಳಿವೆ, ಜನರ ಮೇಲೆ ದಾಳಿ ಮಾಡಿದ್ದೂ ಉಂಟು. ದಂಡೆಯ ಮೇಲೆ ನಿಂತು ನೋಡಬೇಕು, ನೀರಿಗೆ ಇಳಿಯಬಾರದು. ನಿಂತ ಬೆಳೆ ತುಳಿಯಬಾರದು, ಸೌತೆಕಾಯಿ ಒಂದಾದರೂ ಕೇಳದೆ ಕೀಳಬಾರದು. ಕೇಳಿದರೆ ಇಲ್ಲ ಅನ್ನುವ ರೈತ ಈ ಸೀಮೆಯಲ್ಲಿ ಸಿಗುವುದು ಕಡಿಮೆ. ಎಳ್ಳಮಾಸಿಯ ದಿನ ಚರಗ ಚೆಲ್ಲಲು ಹೊಲಕ್ಕೆ ಹೋದ ಮನೆಯವರು ದಾರಿಯಲ್ಲಿ ಹೋಗುವವರನ್ನು ಕರೆದು ಸಜ್ಜೆ ರೊಟ್ಟಿ, ಭರ್ತ, ಪುಂಡಿಪಲ್ಲೆ ಬಡಿಸದೆ ಬಿಡುವುದಿಲ್ಲ.

ಕೆಲಸ ದೊಡ್ಡದೇನಲ್ಲ. ಜಿಲ್ಲಾ ಆಡಳಿತ ಮೂರೂ ತಾಲ್ಲೂಕುಗಳ ಗ್ರಾಮ ನಕಾಶೆಗಳನ್ನು ಮುಂದಿಟ್ಟುಕೊಂಡು ಬಸ್ಸು ಮುಟ್ಟುವ ಊರುಗಳ ನಡುವಿನ ನಕಾಶೆ ಕಂಡ ದಾರಿಗಳನ್ನು ಗುರುತಿಸಲಿ. ಗ್ರಾಮ ಪಂಚಾಯಿತಿಗಳು ಉದ್ಯೋಗ ಖಾತ್ರಿ ಕೆಲಸದಲ್ಲಿ ಅವನ್ನು ಬಿಡಿಸಿ, ತಿರುವಿಗೊಂದು ಕಲ್ಲು ನೆಡಿಸಲಿ. ಸಾರಿಗೆ ನಿಗಮದ ವಿಭಾಗ ಕಚೇರಿ ಆ ಊರುಗಳ ಬೆಳಗಿನ, ಸಂಜೆಯ ಬಸ್ಸಿನ ವೇಳೆ ಕೊಡಲಿ. ಎರಡನ್ನೂ ಸೇರಿಸಿ ಒಂದು ಹಾಳೆ ಅಚ್ಚಾಗಲಿ. ಪ್ರೌಢಶಾಲೆಯ ಮಾಸ್ತರರು ಈ ಚಳಿಗಾಲದಲ್ಲಿ ಮಕ್ಕಳ ಪ್ರವಾಸಕ್ಕೆ ದೂರದ ಊರಿನ ಖಾಸಗಿ ಬಸ್ಸು ಗೊತ್ತುಮಾಡುವ ಮುಂಚೆ ಒಮ್ಮೆ ತಮ್ಮ ತಾಲ್ಲೂಕಿನ ನಕಾಶೆ ಬಿಡಿಸಿ ನೋಡಲಿ. ಓದುಗರಾದ ನೀವು ಹಾಳೆ ಬರುವ ತನಕ ಕಾಯಬೇಕಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಹಳ್ಳಿ ಬಸ್ಸು ಹತ್ತಿ. ಕಂಡಕ್ಟರಿಗೆ ಒಂದು ಊರು ಈಚೆಗೇ ಇಳಿಸಲು ಹೇಳಿ; ವಾಪಸ್ಸಿನ ಕೊನೆಯ ಗಾಡಿ ಎಷ್ಟೊತ್ತಿಗೆ, ಯಾವ ಊರಿಂದ ಎಂದು ಇಳಿಯುವ ಮುಂಚೆಯೇ ಕೇಳಿಟ್ಟುಕೊಳ್ಳಿ.